ಚಸ್ಮಾ ಡಬ್ಬಿಯ ಸಪ್ಪಳ

ನಮ್ಮ ಮನೆಗೆ ಕುರ್ಚಿ ಬಂದದ್ದು ನಾನು ಬಿ.ಎ. ಪಾಸಾದ ವಾರ. ಅದಕ್ಕೂ ಮುಂಚೆ ಮನೆಯಲ್ಲಿ ಎರಡು ಹೊರಸು, ಒಂದು ಮಣೆ, ಉಳಿದದ್ದು ನೆಲ. ಫಲಿತಾಂಶ ಕೇಳಿದ ಅಪ್ಪ ಮಿರಜ ಸ್ಟೇಷನ್ ಹತ್ತಿರದ ಹಳೆ ಸಾಮಾನಿನ ಅಂಗಡಿಯಿಂದ ಒಂದು ಕಬ್ಬಿಣದ ಮಡಚೋ ಕುರ್ಚಿ ತಲೆಮೇಲೆ ಹೊತ್ತು ತಂದ. ನೆಟ್ಟಗೆ ಬರಲಿಲ್ಲ, ಓಣಿಯವರೆಲ್ಲ ನೋಡಲಿ ಅಂತ ಸುತ್ತು ಹಾಕಿಕೊಂಡು ಬಂದ. ನಡುಮನೆಯಲ್ಲಿ ಬಿಚ್ಚಿಟ್ಟು, "ಕುಂದರು" ಅಂದ. ಕುಂತೆ. ಅಪ್ಪ ಎದುರಿಗೆ ಕೈಕಟ್ಟಿ ನಿಂತ. ಪಾಪ, ಕುರ್ಚಿಯ ಜೊತೆ ಮಾಡಲಿಕ್ಕೆ ಅವನಿಗೆ ಬರುತ್ತಿದ್ದದ್ದು ಅದೊಂದೇ.

ನಮ್ಮದು ಮಿರಜದ ಹತ್ತಿರದ ಬೇಡಗದ ಕಡೆಯ ಕುರಿ ಕಾಯೋ ಮನೆತನ. ಅಜ್ಜ ಜೀವಮಾನವೆಲ್ಲ ಬಡಿಗೆಗೆ ಗದ್ದ ಊರಿ ಕುರಿಯ ಹಿಂದೆ ನಿಂತ. ಅಪ್ಪ ಕುರಿ ಬಿಟ್ಟು ಮಿರಜಕ್ಕೆ ಬಂದು, ಬೀಜ, ಗೊಬ್ಬರ, ತಗಡು ಮಾರುವ ಒಂದು ಸಣ್ಣ ಸಹಕಾರಿ ಸಂಘದಲ್ಲಿ ಸಿಪಾಯಿಯಾಗಿ ಸಾಹೇಬರ ಬಾಗಿಲ ಹೊರಗೆ ನಿಂತ. ಬಾಗಿಲ ಪಕ್ಕ ಸ್ಟೂಲು ಇತ್ತು, ಇಲ್ಲ ಅಂತಲ್ಲ. ಆದರೆ ಅದರ ಮೇಲೆ ಅವನು ಕೂತದ್ದಕ್ಕಿಂತ ಅದರ ಮೇಲಿಂದ ಎದ್ದದ್ದೇ ಹೆಚ್ಚು. ಹಿಂಗಾಗಿ ನನ್ನ ವಿಷಯದಲ್ಲಿ ಅವನಿಗೆ ಇದ್ದದ್ದು ಒಂದೇ ಆಸೆ.

"ನೀ ಕುಂತು ಮಾಡೋ ನೌಕರಿ ಹಿಡೀಬೇಕು ನೋಡವಾ. ನಮ್ಮ ಪೈಕಿ ಕುಂತು ದುಡದವರು ಯಾರೂ ಇಲ್ಲ."

ಈಗ ಡಬ್ಬಿಯ ವಿಷಯ ಹೇಳಬೇಕು. ಆ ಸಂಘದ ಸಾಹೇಬರ ಹತ್ತಿರ ಚಸ್ಮಾ ಇಡುವ ಒಂದು ತಗಡಿನ ಡಬ್ಬಿ ಇತ್ತು, ಒಳಗೆ ಸ್ಪ್ರಿಂಗ್ ಇದ್ದದ್ದು. ಸಹಿ ಮಾಡುವುದೆಲ್ಲ ಮುಗಿದ ಮೇಲೆ ಅವರು ಚಸ್ಮಾ ತೆಗೆದು, ಡಬ್ಬಿಯಲ್ಲಿಟ್ಟು, 'ಟಪ್' ಅಂತ ಮುಚ್ಚುತ್ತಿದ್ದರು. ಅಂದರೆ ಕಾಗದ ತಗೊಂಡು ಹೋಗು, ಚಹಾ ತಾ ಅಂತ ಅರ್ಥ. ಮೊದಮೊದಲು ಅವರು ಮುಚ್ಚಿ ಆಮೇಲೆ ಕರೆಯುತ್ತಿದ್ದರಂತೆ. ಬರಬರುತ್ತ ಟಪ್ ಅನ್ನುವುದರೊಳಗೆ ಅಪ್ಪ ಎದ್ದು, ಟೋಪಿ ಸರಿಮಾಡಿಕೊಂಡು, ಅರ್ಧಬಾಗಿಲು ದೂಡಿ ಒಳಗಿರುತ್ತಿದ್ದ. ಕರೆಯುವುದು ನಿಂತೇಹೋಯಿತು. 'ಕರೆಯೋದಕ್ಕಿಂತ ಮೊದಲೇ ಬರೋ ಸಿಪಾಯಿ' ಅಂತ ಅವನಿಗೆ ಹೆಸರು ಬಂತು. ಈ ಹೆಸರು ಹೇಳಿಕೊಳ್ಳುವಾಗ ಅಪ್ಪನ ಎದೆ ಉಬ್ಬುತ್ತಿತ್ತು.

ಅವ್ವ ಸಾಂಗ್ಲಿಯಲ್ಲಿ ಅರಿಶಿನ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಸಾಲೆ ಬಿಟ್ಟ ಮೇಲೆ ಮನೆಗೆ ಕೀಲಿ. ಹಾಗಾಗಿ ನಾನು ದಿನಾ ಅಪ್ಪನ ಸ್ಟೂಲಿನ ಬುಡದಲ್ಲಿ ಕೂತು ಪಾಠ ಬರೆಯುತ್ತಿದ್ದೆ. ಟಪ್ ಅಂದರೆ ಅಪ್ಪ ಏಳುತ್ತಿದ್ದ. ಅಪ್ಪ ಎದ್ದರೆ ನಾನೂ ಏಳುತ್ತಿದ್ದೆ. ಯಾರೂ ಹೇಳಿಕೊಡಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಸಾಹೇಬರು ಅರ್ಧಬಾಗಿಲ ಮೇಲಿಂದ ಇಣುಕಿ ನಕ್ಕು, ಒಮ್ಮೊಮ್ಮೆ ಟೇಬಲ್ಲಿನ ಖಾನೆಯಿಂದ ಒಂದು ಪೆಪ್ಪರಮಿಂಟು ಕೊಡುತ್ತಿದ್ದರು. ದಿನಾ ಅಲ್ಲ, ಒಮ್ಮೊಮ್ಮೆ. ಈ 'ಒಮ್ಮೊಮ್ಮೆ'ಯ ಬೆಲೆ ನನಗೆ ತಿಳಿದದ್ದು ಕಾಲೇಜಿನಲ್ಲಿ.

ಕಾಲೇಜಿನಲ್ಲಿ ನಾನು ಮನಶ್ಶಾಸ್ತ್ರ ತಗೊಂಡೆ. ಮನುಷ್ಯನ ಮನಸ್ಸು ತಿಳಿಯೋ ಹಂಬಲದಿಂದ ಅಂತ ಈಗ ಹೇಳಬಹುದು. ಆದರೆ ಖರೆ ಅಂದರೆ ವಿಶ್ರಾಮಬಾಗದ ಕಾಲೇಜಿನ ಪ್ರವೇಶದ ಕಿಟಕಿ ಮುಟ್ಟುವಷ್ಟರಲ್ಲಿ ಇತಿಹಾಸದ ಸೀಟು ತುಂಬಿದ್ದವು. ಕಿಟಕಿಯವನು, "ಮಾನಸಶಾಸ್ತ್ರದಾಗ ಜಾಗಾ ಐತಿ, ಬೇಕಾದ್ರ ತಗೋ" ಅಂದ. ಜಾಗ ಇದ್ದಲ್ಲಿ ಕೂರಬೇಕು ಅಂತ ಅಪ್ಪ ಹೇಳಿದ್ದ. ಕುಂತೆ.

ಪಾಠವೆಲ್ಲ ಮರಾಠಿಯಲ್ಲಿ. ಪುಣೆ ಕಡೆಯ ಮಾಸ್ತರರು. ಮೊದಲ ತಿಂಗಳು ಅವರು ಹೇಳಿದ್ದು ರಷ್ಯಾದ ಒಬ್ಬ ಶಾಸ್ತ್ರಜ್ಞನ ನಾಯಿಗಳ ಕತೆ. ಗಂಟೆ ಬಾರಿಸಿ ಅನ್ನ ಹಾಕುತ್ತ ಹೋದರೆ, ಕೊನೆಗೆ ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರು ಬರುತ್ತದೆ ಅನ್ನುವುದು. ಅದಕ್ಕೆ ಅವರು 'ಅಭಿಸಂಧಾನ' ಅಂದರು. ಆ ಶಬ್ದ ನನ್ನ ನಾಲಿಗೆಗೆ ಹೊಂದಲಿಕ್ಕೆ ಎರಡು ದಿನ ಹಿಡಿಯಿತು. ಅರ್ಥ ಹೊಂದಲಿಕ್ಕೆ ಎರಡು ನಿಮಿಷ. ಯಾಕಂದರೆ ಮಾಸ್ತರರು ಮಾತಿನ ಓಘದಲ್ಲಿ ಇನ್ನೊಂದು ಹೇಳಿದರು: ಗಂಟೆಯ ವಿಚಾರ ಹೊಳೆಯೋಕೆ ಮೊದಲೇ ಆ ನಾಯಿಗಳು ಅನ್ನ ತರುವ ಆಳಿನ ಹೆಜ್ಜೆ ಸಪ್ಪಳ ಕೇಳಿಯೇ ಜೊಲ್ಲು ಸುರಿಸುತ್ತಿದ್ದವಂತೆ.

ಎಲ್ಲರೂ ನಾಯಿ, ಗಂಟೆ ಅಂತ ಬರೆದುಕೊಂಡರು. ನಾನು ಆ ಆಳಿನಲ್ಲಿ ಸಿಕ್ಕಿಬಿದ್ದೆ. ಶಾಸ್ತ್ರಜ್ಞನ ಫೋಟೋ ಪುಸ್ತಕದಲ್ಲಿತ್ತು, ನಾಯಿಯ ಚಿತ್ರ ಇತ್ತು, ಪಟ್ಟಾ ಬಿಗಿದ ಕಟ್ಟಿಗೆ ಚೌಕಟ್ಟಿನ ಚಿತ್ರ ಕೂಡ ಇತ್ತು. ಅನ್ನ ಹೊತ್ತು ಬರುತ್ತಿದ್ದವನ ಹೆಸರು ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಅಪ್ಪನಿಗೆ ಪಾಠ ಹೇಳಿದೆ. ಪೂರ್ತಿ ಕೇಳಿ, "ನಾಯಿ ಬಾಯಾಗ ನೀರ ಬರೋದನ್ನ ಹೇಳಾಕ ಫೀ ತಗೋತಾರ?" ಅಂದ.

"ಅದು ಹೆಂಗ ಬರ್ತದ ಅನ್ನೋದು ಶಾಸ್ತ್ರ ಅಪ್ಪಾ."

"ನಿಮ್ಮಜ್ಜಗ ಗೊತ್ತಿತ್ತದು. ಕುರಿ ಮುಂದ ಒಂದ ಸಲ ಉಪ್ಪಿನ ಚೀಲ ಅಲ್ಲಾಡ್ಸಿದ್ರ ಆತು. ಪುಣೆಗೆ ಹೋಗಿದ್ನೇನ ಅವಾ?"

ಮುಂದೆ ಇಲಿ, ಪಾರಿವಾಳ ಬಂದವು. ಪೆಟ್ಟಿಗೆಯೊಳಗಿನ ಸನ್ನೆಕೋಲು ಒತ್ತಿದರೆ ಕಾಳು. ಪ್ರತಿಸಲ ಕಾಳು ಸಿಕ್ಕರೆ, ಕಾಳು ನಿಂತ ಮೇಲೆ ಒತ್ತುವುದೂ ಬೇಗ ನಿಲ್ಲುತ್ತದೆ; ಒಮ್ಮೊಮ್ಮೆ ಸಿಕ್ಕರೆ ಹಾಳಾದದ್ದು ಬಿಡುವುದೇ ಇಲ್ಲ, ಒತ್ತುತ್ತಲೇ ಇರುತ್ತದೆ. ಆಮೇಲೆ ಅನುಕರಣೆಯ ಪಾಠ. ದೊಡ್ಡವರು ಒಂದು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ಮಕ್ಕಳಿಗೆ ತೋರಿಸಿ, ಮಕ್ಕಳನ್ನು ಅದೇ ಗೊಂಬೆಯ ಜೊತೆ ಬಿಟ್ಟರಂತೆ. ಮಕ್ಕಳೂ ಹೊಡೆದರು. ಹೊಡೆದವರು ಬೈಸಿಕೊಂಡದ್ದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಆದರೆ ಅವರೂ ಕಲಿತಿದ್ದರು, ತೋರಿಸಿರಲಿಲ್ಲ ಅಷ್ಟೇ. ಏನಾದರೂ ಕೊಡುತ್ತೇವೆ ಅಂದಾಗ ಅವರೂ ಹಾಗೇ ಮಾಡಿ ತೋರಿಸಿದರು.

ಒಂದು ದಿನ ಮಾಸ್ತರರು, "ನಿಮ್ಮ ನಿಮ್ಮ ಜೀವನದಿಂದ ಅಭಿಸಂಧಾನದ ಒಂದೊಂದು ಉದಾಹರಣೆ ಕೊಡಿ" ಅಂದರು. ನನ್ನ ಹತ್ತಿರ ಇಡೀ ವರ್ಗಕ್ಕಿಂತ ಚೊಲೋ ಉದಾಹರಣೆ ಇತ್ತು. ಹೇಳಿದ್ದರೆ ನಾನು ಸಿಪಾಯಿಯ ಮಗಳು ಅಂತ ಎಲ್ಲರಿಗೂ ತಿಳಿಯುತ್ತಿತ್ತು. "ಹುಣಸೆಹಣ್ಣು" ಅಂದು ಕುಂತುಬಿಟ್ಟೆ. ಇವತ್ತು ಆ ಹುಣಸೆಹಣ್ಣು ನೆನಪಾದರೆ ನನಗೆ ಬಾಯಲ್ಲಿ ನೀರು ಬರುವುದಿಲ್ಲ, ಮುಖ ಬಿಸಿಯಾಗುತ್ತದೆ. ಅದೂ ಅಭಿಸಂಧಾನವೇ ಇರಬೇಕು.

ಬಿ.ಎ. ಆಯಿತು, ಅಪ್ಪ ನಿವೃತ್ತನಾದ, ಪರೀಕ್ಷೆ ಬರೆದು ನಾನು ಅದೇ ಸಂಘದಲ್ಲಿ ಕಾರಕೂನಳಾದೆ. ಯಾರ ವಶೀಲಿಯೂ ಇಲ್ಲ. ಬರೆದವರಲ್ಲಿ ಎರಡನೇ ನಂಬರು ನನ್ನದು. ಇದನ್ನು ಕೇಳದಿದ್ದವರಿಗೂ ಹೇಳುತ್ತೇನೆ. ಮಿರಜದ ಹಳೆ ಕಚೇರಿಯಲ್ಲಿ ನನ್ನ ಟೇಬಲ್ಲು ಅಂಗಳದ ಆ ಕಡೆ, ಗೋದಾಮಿನ ಪಕ್ಕ ಇತ್ತು. ಸಾಹೇಬರ ಡಬ್ಬಿ ಅಲ್ಲಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಮೊದಲ ವರ್ಷ ನಾನು ನನ್ನ ಕುರ್ಚಿಯಲ್ಲಿ ನೆಮ್ಮದಿಯಿಂದ ಕೂತಿದ್ದೆ. ಇಂಥದ್ದೊಂದು ನನ್ನ ಮೈಯೊಳಗೆ ಅಡಗಿ ಕೂತಿದೆ ಅನ್ನುವ ನೆನಪೂ ಇರಲಿಲ್ಲ.

ಅಷ್ಟರಲ್ಲಿ ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದು ಮಹಾನಗರಪಾಲಿಕೆ ಆಯಿತು. ಊರುಗಳೇ ಕೂಡಿದ ಮೇಲೆ ನಾವು ಯಾಕೆ ಕೂಡಬಾರದು ಅಂತ ನಮ್ಮ ಸಂಘದ ಸಂಚಾಲಕರಿಗೆ ಅನ್ನಿಸಿತು. ಇನ್ನೇನಾದರೂ ಕಾರಣ ಇತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅನುಕರಣೆ ಅನ್ನುವುದು ಸಣ್ಣ ಮಕ್ಕಳ ಗುಣ ಅಂತ ತಿಳಿದವರು ಒಂದು ಸಂಚಾಲಕ ಮಂಡಳಿಯ ಸಭೆಗೆ ಹೋಗಿ ಕೂರಬೇಕು. ಮೂರು ಊರಿನ ಮೂರು ಸಂಘ ಕೂಡಿ ಒಂದಾದವು. ಕಚೇರಿ ಎಲ್ಲಿ? ಸಾಂಗ್ಲಿಯವರು ಮಿರಜಕ್ಕೆ ಬರುವುದಿಲ್ಲ ಅಂದರು, ಮಿರಜದವರು ಸಾಂಗ್ಲಿಗೆ ಹೋಗುವುದಿಲ್ಲ ಅಂದರು, ಕುಪವಾಡದವರನ್ನು ಯಾರೂ ಕೇಳಲಿಲ್ಲ. ಕೊನೆಗೆ ನಡುವೆ ವಿಶ್ರಾಮಬಾಗದಲ್ಲಿ ಒಂದು ಮಾಳಿಗೆ ಹಿಡಿದರು. ಎಲ್ಲರಿಗೂ ಸಮನಾಗಿ ದೂರ. ಇದಕ್ಕೆ ಒಪ್ಪಂದ ಅನ್ನುತ್ತಾರೆ. ನಮ್ಮ ಮಿರಜದ ಸಾಹೇಬರೇ ಹೊಸ ಕಚೇರಿಗೆ ದೊಡ್ಡ ಸಾಹೇಬರಾದರು.

ಹೊಸ ಕಚೇರಿಯಲ್ಲಿ ಮಂದಿ ಮೂರು ಆಫೀಸಿನವರು, ಕುರ್ಚಿ ಒಂದು ಆಫೀಸಿನವು. ಸಾಂಗ್ಲಿಯವರು ತಮ್ಮ ಕೈ ಇರುವ ಬೆತ್ತದ ಕುರ್ಚಿಗಳನ್ನು ಟೆಂಪೋದಲ್ಲಿ ತಂದಿದ್ದರು. ಮಿರಜದ ಕುರ್ಚಿಗಳು ಮಿರಜದಲ್ಲೇ ಉಳಿದವು, ಯಾಕಂದರೆ ಅವನ್ನು ಕಳಿಸಲಿಕ್ಕೆ ಹಳೆ ಸಂಘದ ಸಹಿ ಬೇಕಿತ್ತು, ಹಳೆ ಸಂಘ ಇರಲೇ ಇಲ್ಲ. ಹೀಗಾಗಿ ಸರಕಾರಿ ಎಸ್ಟಿ ಬಸ್ಸಿನ ಕಾಯ್ದೆ ಜಾರಿಗೆ ಬಂತು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲೋ ಟೋಪಿಯೋ ಒಳಗೆ ಎಸೆದರೆ ಆ ಸೀಟು ಅವರದು. ಕಚೇರಿಯಲ್ಲೂ ಎದ್ದು ಹೋಗುವವರು ಕುರ್ಚಿಯ ಮೇಲೆ ಕರವಸ್ತ್ರ ಇಟ್ಟು ಹೋಗಬೇಕು. ಇಡದೆ ಎದ್ದರೆ ಕುರ್ಚಿ ಹೋಯಿತು.

ಹೊಸ ಕಚೇರಿಯಲ್ಲಿ ನನ್ನ ಟೇಬಲ್ಲು ಸಾಹೇಬರ ಅರ್ಧಬಾಗಿಲಿಗೆ ಹತ್ತು ಹೆಜ್ಜೆ. ಮೊದಲ ದಿನ ಹನ್ನೊಂದರ ಸುಮಾರಿಗೆ ಒಳಗಿನಿಂದ ಟಪ್ ಅಂತು. ನಾನು ಎದ್ದು ನಿಂತಿದ್ದೆ. ಎದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಏಳುವುದು ನನ್ನ ಗಮನಕ್ಕೆ ಬರಲೇ ಇಲ್ಲ, ನಿಂತದ್ದು ಬಂತು. ಕೈ ತಲೆಯ ಹತ್ತಿರ ಇತ್ತು, ಇಲ್ಲದ ಟೋಪಿ ಸರಿಮಾಡಲಿಕ್ಕೆ. ತಿರುಗಿ ನೋಡುವಷ್ಟರಲ್ಲಿ ಕುರ್ಚಿಯಲ್ಲಿ ಸಾಂಗ್ಲಿಯ ಹಿರಿಯ ಕಾರಕೂನರು. ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು.

"ಬಾಯಿ, ನೀವು ಎದ್ರಿ, ನಾವು ಕುಂತ್ವಿ. ಎಸ್ಟಿಯೊಳಗೂ ಇದೇ ಕಾಯ್ದೆ" ಅಂದರು, ಹೆಂಗಸರನ್ನು ಬಾಯಿ ಅಂತ ಕರೆಯುವ ಮರಾಠಿಯಲ್ಲಿ. ಕಾಕಾರ ಹಿರಿಯರು ಕನ್ನಡದವರೇ ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ತಮಗೆ ಕನ್ನಡ ಒಂದಕ್ಷರವೂ ಬರುವುದಿಲ್ಲ ಅನ್ನುತ್ತಿದ್ದರು.

ಮರುದಿನ ಬೇರೆ ಕುರ್ಚಿ, ಅದೇ ಟಪ್, ಅದೇ ಗತಿ. ವಾರದೊಳಗೆ ಇದೊಂದು ಆಟವೇ ಆಯಿತು. ಟಪ್ ಅನ್ನುವ ಹೊತ್ತಿಗೆ ಯಾರಾದರೊಬ್ಬರು ನನ್ನ ಹಿಂದೆ ತಯಾರಾಗಿ ನಿಂತಿರುತ್ತಿದ್ದರು. ಮನಶ್ಶಾಸ್ತ್ರದ ಪದವೀಧರೆ ಕಿಟಕಿಕಟ್ಟೆಯ ಮೇಲೆ ಕಾಗದ ಇಟ್ಟು, ನಿಂತು ಬರೆಯುತ್ತಿದ್ದಳು.

ಸಂಜೆ ಮಿರಜಕ್ಕೆ ಮರಳಿದರೆ ಅಪ್ಪನ ಪ್ರಶ್ನೆ ಒಂದೇ. "ಹೊಸಾ ಕುರ್ಚಿ ಹೆಂಗೈತಿ?"

"ಚೊಲೋ ಐತಿ."

"ಕೈ ಅದಾವೇನ ಅದಕ?"

"ಅದಾವ."

"ಬೆತ್ತದ್ದೋ, ಕಟಗೀದೋ?"

"ಬೆತ್ತದ್ದು."

ಇಷ್ಟು ಹೊತ್ತಿಗೆ ಅವನ ಮುಖ ಬೆತ್ತದ ಕುರ್ಚಿಯಲ್ಲಿ ತಾನೇ ಕೂತವನ ಹಾಗೆ ಆಗಿರುತ್ತಿತ್ತು. ನಾನು ಕಾಲುನೋವಿನ ಎಣ್ಣೆ ಹುಡುಕಲಿಕ್ಕೆ ಒಳಗೆ ಹೋಗುತ್ತಿದ್ದೆ.

ಇನ್ನೊಂದು ಮಜಾ ನಡೆಯಿತು. ಒಂದು ದಿನ ಟಪ್ ಆದ ಕೂಡಲೇ ಸಾಹೇಬರು ಹೊರಗೆ ಬಂದರು. ನಾನು ನಿಂತಿದ್ದೆ. ಅವರು ಕಚೇರಿಗೆಲ್ಲ ಕೇಳುವ ಹಾಗೆ, "ಶಾಬಾಸ್! ಶಿಸ್ತು ಅಂದ್ರ ಇದು. ರಕ್ತದಾಗ ಬಂದೈತಿ" ಅಂದು ಹೋದರು. ಮಾರನೆಯ ದಿನ ಟಪ್ ಅಂದಾಗ ಕಾಕಾ ಎದ್ದು ನಿಂತರು. ಮೊದಲು ಕರವಸ್ತ್ರ ಹಾಸಿ, ಆಮೇಲೆ ಎದ್ದರು, ಅನುಭವಸ್ಥರು. ಅದರ ಮರುದಿನ ನಾಲ್ಕು ಮಂದಿ. ಹದಿನೈದು ದಿನದಲ್ಲಿ ಇಡೀ ಕಚೇರಿ ಕರವಸ್ತ್ರ ಹಾಸಿ ಏಳತೊಡಗಿತು. ಗೊಂಬೆಯ ಪ್ರಯೋಗ ಮಾಡಿದವರು ನಮ್ಮ ವಿಶ್ರಾಮಬಾಗಕ್ಕೆ ಬಂದಿದ್ದರೆ ಗೊಂಬೆಯ ಖರ್ಚು ಉಳಿಯುತ್ತಿತ್ತು. ಸಾಹೇಬರಿಗೂ ಇದು ಹಿಡಿಸಿತು. ಮೊದಲು ದಿನಕ್ಕೆ ಮೂರು ಸಲ ಮುಚ್ಚುತ್ತಿದ್ದ ಡಬ್ಬಿಯನ್ನು ಈಗ ಸುಮ್ಮಸುಮ್ಮನೆ ತೆಗೆದು ಮುಚ್ಚಿ, ಅರ್ಧಬಾಗಿಲ ಮೇಲಿಂದ ಒಮ್ಮೆ ಇಣುಕುತ್ತಿದ್ದರು. ಎಲ್ಲರೂ ನಿಂತಿರುವುದನ್ನು ನೋಡಿ, ಏನೋ ಮರೆತವರ ಹಾಗೆ ತಲೆ ಒಳಗೆ ಎಳೆದುಕೊಳ್ಳುತ್ತಿದ್ದರು.

ಆಮೇಲೆ ಆ ನೋಟೀಸು ಬಂತು. ಪುನರ್ರಚನೆ ಅಂತ ತಲೆಬರಹ. ಬರುವ ಸೋಮವಾರ ಮಧ್ಯಾಹ್ನ ಮೂರಕ್ಕೆ ಯಾರು ಯಾವ ಟೇಬಲ್ಲಿನಲ್ಲಿ ಕೂತಿದ್ದಾರೋ ಅವರ ಹೆಸರು ಯಾದಿಗೆ, ಆ ಜಾಗ ಅವರಿಗೆ ಕಾಯಂ. ಜಾಗ ಇಲ್ಲದವರು ಕುಪವಾಡದ ಗೋದಾಮಿಗೆ. ಗೋದಾಮಿನ ಕೆಲಸ ಅಂದರೆ ಲಾರಿಯಿಂದ ಚೀಲ ಇಳಿಸುವವರ ಎದುರಿಗೆ ಹಲಗೆ ಹಿಡಿದು ನಿಂತು ಬರೆಯುವುದು. ಬೆಳಗಿನಿಂದ ಸಂಜೆತನಕ ನಿಂತು.

ಅಜ್ಜ ನಿಂತ, ಅಪ್ಪ ನಿಂತ, ಬಿ.ಎ. ಮಾಡಿ ನಾನೂ ನಿಲ್ಲುವುದು ಅಂತಾದರೆ ನಡುವೆ ಆ ಮೂರು ವರ್ಷ ಯಾಕೆ ಓದಿದ್ದು?

ರವಿವಾರ ಮಧ್ಯಾಹ್ನ ಅಪ್ಪನಿಗೆ ಎಲ್ಲ ಹೇಳಿದೆ. ಕುರ್ಚಿ ಇಲ್ಲ ಅನ್ನುವುದು, ಟಪ್ ಅಂದರೆ ಏಳುವುದು, ಎಲ್ಲ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ತಲೆ ತಗ್ಗಿಸಿದ. "ನಾ ಕಲಿಸಿಲ್ಲವಾ ಅದನ್ನ" ಅಂದ. "ಕಲಿಸಿಲ್ಲ ಖರೆ, ನಾ ಕಲತೀನಿ" ಅಂದೆ. ಆಮೇಲೆ ಶಾಸ್ತ್ರ ಹೇಳಿದೆ: ಸಪ್ಪಳ ಆಗುತ್ತಲೇ ಇರಬೇಕು, ಅದರ ಹಿಂದೆ ಏನೂ ಬರಬಾರದು, ಆಗ ಕಲಿತದ್ದು ತಾನೇ ಆರಿಹೋಗುತ್ತದೆ. ಮರಾಠಿ ಪುಸ್ತಕದಲ್ಲಿ ಅದಕ್ಕೆ ವಿಲೋಪನ ಅನ್ನುತ್ತಾರೆ. ಅಪ್ಪನ ಹತ್ತಿರವೂ ಈಗ ಚಸ್ಮಾ ಇತ್ತು. ಹುಡುಕಿ ಹುಡುಕಿ ಸಾಹೇಬರದಂಥದ್ದೇ ಡಬ್ಬಿ ತಂದುಕೊಂಡಿದ್ದ. ಆದರೆ ಮುಚ್ಚುವಾಗ ಯಾವಾಗಲೂ ಹೆಬ್ಬೆರಳು ಅಡ್ಡ ಹಿಡಿದು, ಸಪ್ಪಳ ಆಗದ ಹಾಗೆ ಮುಚ್ಚುತ್ತಿದ್ದ. ಸ್ಪ್ರಿಂಗ್ ಹಾಳಾಗಬಾರದು ಅಂತ ಇರಬೇಕು ಅಂದುಕೊಂಡಿದ್ದೆ.

ಅವನನ್ನು ಹೊರಸಿನ ಮೇಲೆ ಕೂಡಿಸಿ, ನಾನು ಕಬ್ಬಿಣದ ಕುರ್ಚಿಯಲ್ಲಿ ಕೂತು, "ಜೋರಾಗಿ ಮುಚ್ಚು" ಅಂದೆ.

ಟಪ್. ಇಬ್ಬರೂ ಎದ್ದು ನಿಂತೆವು.

"ನೀ ಯಾಕ ಎದ್ದಿ?" ಅಂದೆ.

"ನೀ ಎದ್ದಿ ಅಂತ ಎದ್ದೆ" ಅಂದ. ಸುಳ್ಳು. ನನಗಿಂತ ಮೊದಲು ಎದ್ದಿದ್ದ.

ಮತ್ತೆ ಕೂತೆವು. ಟಪ್. ಎದ್ದೆವು. ಇಪ್ಪತ್ತೋ ಮೂವತ್ತೋ ಸಲ ಆಗಿರಬೇಕು. ಅವ್ವ ಒಲೆಯ ಮುಂದಿನಿಂದ ಎಲ್ಲ ನೋಡುತ್ತಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು ನಡುವೆ ನಿಂತಳು.

"ತಂದಿ ಮಗಳಿಗೆ ಇಬ್ಬರಿಗೂ ತಲಿ ತಿರಗೇತೇನು? ಹೊಸಾ ಆಡು ಮನೀಗೆ ಬಂದ್ರ ಏನ ಮಾಡ್ತಾರ? ಕುಂತು ಪಾಠಾ ಹೇಳ್ತಾರೇನ ಅದಕ, ಓಡಬ್ಯಾಡವಾ ಅಂತ?"

"ಕಟ್ತಾರ" ಅಂದ ಅಪ್ಪ.

"ಮತ್ತ ಕಟ್ರಿ."

ಅವ್ವ ನನ್ನ ಸೆರಗಿನ ತುದಿ ಹಿಡಿದು ಕುರ್ಚಿಯ ಕಾಲಿಗೆ ಆಡಿನ ಗಂಟು ಹಾಕಿ ತೋರಿಸಿದಳು. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ನಾನು ನಕ್ಕೆ. ಮೂರು ವರ್ಷದ ಪದವಿಯ ಎದುರಿಗೆ ಒಂದು ಆಡಿನ ಗಂಟು! ಆದರೂ ಗಂಟು ಹಾಕುವುದನ್ನು ಎರಡು ಸಲ ನೋಡಿ ಕಲಿತುಕೊಂಡೆ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕೈ ಇರುವ ಒಂದು ಬೆತ್ತದ ಕುರ್ಚಿ ಹಿಡಿದೆ. ಊಟಕ್ಕೆ ಏಳಲಿಲ್ಲ, ನೀರಿಗೆ ಏಳಲಿಲ್ಲ. ಬೆಳಗ್ಗೆ ಅರ್ಜಿದಾರರ ಗದ್ದಲದಲ್ಲಿ ಸಾಹೇಬರು ಹೊರಗೇ ಇದ್ದರು, ಡಬ್ಬಿ ಸುಮ್ಮನಿತ್ತು. ಎರಡೂವರೆಗೆ ಅವರು ಒಳಗೆ ಹೋದರು. ನಾನು ಸೆರಗಿನ ತುದಿಯನ್ನು ಕುರ್ಚಿಯ ಕೈಗೆ ಸುತ್ತಿ ಅವ್ವನ ಗಂಟು ಹಾಕಿದೆ.

ಸರಿಯಾಗಿ ಮೂರಕ್ಕೆ ಯಾದಿ ಬರೆಯುವವರು ಬಂದರು. ಕುಪವಾಡದ ಗೋದಾಮಿನಲ್ಲಿ ಹತ್ತಾರು ವರ್ಷ ಚೀಲ ಎಣಿಸಿದ ಮನುಷ್ಯ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು, ಇಷ್ಟೇ ಅವರ ಧರ್ಮ. ಅವರು ಮೊದಲ ಸಾಲಿನ ಹತ್ತಿರ ಪೆನ್ನಿನ ಟೊಪ್ಪಿ ತೆಗೆಯುವುದಕ್ಕೂ ಒಳಗಿನಿಂದ ಟಪ್ ಅನ್ನುವುದಕ್ಕೂ ಸರಿಹೋಯಿತು.

ಇಡೀ ಕಚೇರಿ ಕರವಸ್ತ್ರ ಹಾಸಿ ಎದ್ದಿತು. ನಾನೂ ಎದ್ದೆ. ನನ್ನ ಜೊತೆ ಕುರ್ಚಿಯೂ ಎದ್ದಿತು. ಅದರ ಒಂದು ಪಕ್ಕ ಮೇಲಕ್ಕೆ ಬಂದು, ಕೈ ನನ್ನ ಸೊಂಟಕ್ಕೆ ಬಡಿದು, ನಾನು ಬೆತ್ತ ಹರಿಯುವಂಥ ಸಪ್ಪಳ ಮಾಡಿ ಅದರಲ್ಲೇ ಕುಸಿದು ಕೂತೆ.

"ಅಯ್ಯಯ್ಯಯ್ಯ, ಕುರ್ಚಿ ತಗೊಂಡ ಎದ್ದಳಲ್ಲೋ ಯಪ್ಪಾ!" ಅಂತ ಯಾರೋ ಅಚ್ಚ ಕನ್ನಡದಲ್ಲಿ ಕೂಗಿದರು. ನೋಡಿದರೆ ಕಾಕಾ.

ಕಚೇರಿಯೆಲ್ಲ ನಗುತ್ತಿತ್ತು. ಯಾದಿಯವರು ನಗಲಿಲ್ಲ. ನನ್ನ ಟೇಬಲ್ಲಿನ ನಂಬರು ನೋಡಿ, ನನ್ನ ಹೆಸರು ಬರೆದುಕೊಂಡರು. ಪಕ್ಕದ ಟೇಬಲ್ಲಿಗೆ ಹೋಗಿ ಕುರ್ಚಿಯ ಮೇಲಿನ ಕರವಸ್ತ್ರ ನೋಡಿದರು.

"ಇದು ನಂದು" ಅಂದರು ಕಾಕಾ, ಪಕ್ಕದಲ್ಲೇ ನಿಂತು.

"ನಾ ಹೆಸರು ಬರೀತೇನ್ರಿ, ವಸ್ತ್ರ ಬರಿಯಂಗಿಲ್ಲ. ನೋಟೀಸಿನಾಗ 'ಕೂತಿದ್ದಾರೋ' ಅಂತ ಐತಿ. ನೀವು ನಿಂತೀರಿ."

ಕಾಕಾ ಕೂತರು. ಎಲ್ಲರೂ ದಬದಬ ಕೂತರು, ಒಂದೊಂದು ಕುರ್ಚಿಗೆ ಇಬ್ಬಿಬ್ಬರು. ಗದ್ದಲ ಕೇಳಿ ಸಾಹೇಬರು ಇಣುಕಿದರು. ಯಾದಿಯವರು ನೆಟ್ಟಗೆ ಅವರ ಹತ್ತಿರ ಹೋಗಿ, ಡಬ್ಬಿ ಸಪ್ಪಳ ಆದಾಗ ಕೂತವರು ಒಬ್ಬರೇ ಅಂತ ವರದಿ ಒಪ್ಪಿಸಿದರು. ಸಾಹೇಬರ ಮುಖ ಕಪ್ಪಾಯಿತು. ಯಾದಿಯಲ್ಲಿ ಹೆಸರು ಬಂದದ್ದು ನನ್ನೊಬ್ಬಳದು, ಸಾಹೇಬರಿಗೆ ನಿಲ್ಲದಿದ್ದದ್ದೂ ನಾನೊಬ್ಬಳೇ. ಸಹಿ ಮಾಡುವವರು ಅವರು.

"ಆಕಿನ್ನ ಒಳಗ ಕಳಸ್ರಿ" ಅಂದರು.

ನಾನು ಗಂಟು ಬಿಚ್ಚಲಿಕ್ಕೆ ಹೋದೆ. ಹಾಕುವುದನ್ನು ಎರಡು ಸಲ ನೋಡಿ ಕಲಿತಿದ್ದೆ, ಬಿಚ್ಚುವುದನ್ನು ಅವ್ವ ತೋರಿಸಿರಲಿಲ್ಲ, ನಾನು ಕೇಳಿರಲಿಲ್ಲ. ಉಗುರಿನಿಂದ ಎಳೆದೆ, ಹಲ್ಲಿನಿಂದ ಎಳೆದೆ. ಇನ್ನಷ್ಟು ಬಿಗಿಯಿತು. ಕೊನೆಗೆ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅರ್ಧಬಾಗಿಲನ್ನು ಸೊಂಟದಿಂದ ದೂಡಿ ಒಳಗೆ ಹೋದೆ. ಅಪ್ಪ ಎಷ್ಟೋ ಸಾವಿರ ಸಲ ಚಹಾ ಹಿಡಿದು ಹೀಗೇ ಸೊಂಟದಿಂದ ಆ ಥರದ ಬಾಗಿಲು ದೂಡಿದ್ದ.

ಸಾಹೇಬರು ಕುರ್ಚಿ ನೋಡ್ತಾ, "ಇದನ್ಯಾಕ ತಂದಿ?" ಅಂದರು.

"ಬಿಚ್ಚಾಕ ಬರವಲ್ದರಿ."

ಅವರು ಬಗ್ಗಿ ಸೆರಗು ನೋಡಿದರು, ಗಂಟು ನೋಡಿದರು.

"ನಿಮ್ಮಪ್ಪ ಜಲ್ಮ ಎಲ್ಲಾ ನನ್ನ ಬಾಗಲಾಗ ನಿಂತ. ಒಂದ ದಿನ ನನ್ನ ಮುಂದ ಕುಂತಿದ್ದು ನೋಡಿಲ್ಲ ನಾ."

"ಅದಕ್ಕರಿ ಸಾಹೇಬ್ರ. ಅದಕ್ಕ ಕಟಗೊಂಡು ಕುಂತಿದ್ದೆ."

ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಸಾಹೇಬರು ಎದುರಿನ ಜಾಗ ತೋರಿಸಿ, "ಹಂಗಾರ ಕುಂದರು, ಕುರ್ಚಿ ತಂದೀಯಲ್ಲ" ಅಂದರು. ನಾನು ನನ್ನ ಕುರ್ಚಿ ಇಳಿಸಿ, ಸಾಹೇಬರ ಎದುರಿಗೆ ಕೂತೆ. ಅವರು ಯಾದಿ ಎಳೆದುಕೊಂಡು, ನನ್ನ ಹೆಸರಿನ ಮುಂದೆ ಸಹಿ ಮಾಡಿದರು. ಚಸ್ಮಾ ತೆಗೆದರು. ಡಬ್ಬಿಯಲ್ಲಿಟ್ಟರು.

ಟಪ್.

ನಾನು ಎದ್ದೆ, ಕುರ್ಚಿ ಸಮೇತ. ಸಾಹೇಬರು ಖಾನೆ ತೆಗೆದು ಒಂದು ಪೆಪ್ಪರಮಿಂಟು ಮುಂದೆ ಹಿಡಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ತಗೊಂಡೆ.

ಉಳಿದ ಕುರ್ಚಿಗಳ ಯಾದಿಯನ್ನು ಮರುದಿನ ಹೊಸದಾಗಿ ಬರೆದರು. ಕುರ್ಚಿ ಹಿಡಿದವರೆಲ್ಲ ನೆಟ್ಟಗೆ ಕೂತಿದ್ದರು, ಕಾಕಾ ಒಬ್ಬರನ್ನು ಬಿಟ್ಟು. ಅವರು ಕರವಸ್ತ್ರ ಇಟ್ಟು ಎಲೆ ಉಗುಳಲಿಕ್ಕೆ ಹೋಗಿದ್ದರು. ಕುಪವಾಡಕ್ಕೆ ಹೋದ ವಾರದ ಮೇಲೆ ಅವರದೊಂದು ಸುದ್ದಿ ಬಂತು, ಈಗ ರಾಜಾರೋಷವಾಗಿ ಕನ್ನಡದಲ್ಲೇ: "ಆ ಬಾಯಿಗೆ ಹೇಳ್ರಿ, ಇಲ್ಲಿ ಕುಂದ್ರಾಕ ಗೊಬ್ಬರದ ಚೀಲ ಬೇಕಾದಷ್ಟ ಅದಾವ. ಮೆತ್ತಗ ಅದಾವ. ಕಟಗೊಳ್ಳೂ ಜರೂರಿ ಇಲ್ಲ."

ಅದಾದ ಮೇಲೆ ಒಂದು ದಿನ ಅಪ್ಪ ಕುರ್ಚಿ ನೋಡಲಿಕ್ಕೆ ಬಂದ. ಹೇಳದೆ ಬಂದ, ಸಿಟಿಬಸ್ಸು ಹತ್ತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ. ಕಚೇರಿಯ ಬಾಗಿಲಲ್ಲಿ ಗೋಡೆಗೆ ಒತ್ತಿ ನಿಂತುಬಿಟ್ಟ. ಕೆಲವರು ಹೊಸ ಸಿಪಾಯಿ ಅಂದುಕೊಂಡರು. ನಾನು ಎದ್ದು ಹೋಗಿ ಕೈ ಹಿಡಿದು ಕರೆತಂದೆ.

"ಇದಾ?" ಅಂದ.

"ಇದಾ. ಕುಂದರು."

"ಬ್ಯಾಡವಾ. ಆಫೀಸಾಗ..."

ಭುಜ ಒತ್ತಿ ಕೂಡಿಸಿ, ನಾನು ಪಕ್ಕದ ಕಿಟಕಿಕಟ್ಟೆಯ ಮೇಲೆ ಕೂತೆ. ಅವನು ತುದಿಯಲ್ಲಿ ಕೂತ. ಆಮೇಲೆ ನಿಧಾನ ಹಿಂದಕ್ಕೆ ಸರಿದು ಬೆನ್ನು ಆನಿಸಿದ. ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಇಟ್ಟ. ಬೆತ್ತ ಒಂದು ಕಡೆ ಹರಿದಿತ್ತು, ಅದನ್ನು ಬೆರಳಿನಿಂದ ಸವರಿದ.

ಒಳಗಿನಿಂದ ಟಪ್ ಅಂತು.

ಈಗ ಏಳುತ್ತಾನೆ ಅಂದುಕೊಂಡೆ. ಅಪ್ಪನ ಬಲಗೈ ಎದ್ದಿತು, ಟೋಪಿಯ ತನಕ ಹೋಯಿತು, ಟೋಪಿಯನ್ನು ಒಂಚೂರು ಸರಿಮಾಡಿತು, ಮತ್ತೆ ಇಳಿದು ಬಂದು ಕುರ್ಚಿಯ ಕೈಯ ಮೇಲೆ ಕೂತಿತು. ಅಷ್ಟೇ. ಅವನು ಏಳಲಿಲ್ಲ. ಆ ರವಿವಾರ ನಾವು ಆರಿಸಲಿಕ್ಕೆ ಹೊರಟದ್ದು ಯಾರ ರೂಢಿ, ಆರಿದ್ದು ಯಾರ ರೂಢಿ!

ಅವನು ನಿಧಾನವಾಗಿ ಸುತ್ತ ನೋಡಿದ. ಸಾಂಗ್ಲಿಯವರು, ಮಿರಜದವರು, ಯಾದಿಯಲ್ಲಿ ಹೆಸರಿದ್ದವರೆಲ್ಲ ಕರವಸ್ತ್ರ ಹಾಸಿ, ಕಾಯಂ ಆದ ತಮ್ಮ ತಮ್ಮ ಕುರ್ಚಿಗಳ ಪಕ್ಕ ಎದ್ದು ನಿಂತಿದ್ದರು. ಅಪ್ಪ ನನ್ನ ಕಡೆ ಬಾಗಿ ಪಿಸುಮಾತಿನಲ್ಲಿ ಕೇಳಿದ:

"ಇವರೆಲ್ಲಾ ಯಾಕ ನಿಂತಾರ?"

ನನಗೆ ಉತ್ತರ ಗೊತ್ತಿತ್ತು. ಅದನ್ನೇ ನಾನು ಮೂರು ವರ್ಷ ಓದಿದ್ದೆ. ಆದರೆ ಹೇಳುವ ಧೈರ್ಯ ಆಗಲಿಲ್ಲ, ಯಾಕಂದರೆ ನಾನೂ ನಿಂತಿದ್ದೆ.